ವಾಣಿಜ್ಯ ಮಂಡಳಿಗಳು ಯಂತ್ರ ಕೊಡುವುದಕ್ಕಿಂತ ಕೂಡು ತರಬೇತಿ ಕಟ್ಟಲಿ

ಸಂಪಾದಕರಿಗೆ,

ಮಾನ್ಯರೇ,

ವಿದೇಶಿ ವಾಣಿಜ್ಯ ಮಂಡಳಿಗಳ ಸುದ್ದಿ ಪತ್ರಿಕೆಗಳಲ್ಲಿ ಬರುವುದು ಹೆಚ್ಚಾಗಿ ಎರಡೇ ಸಂದರ್ಭಗಳಲ್ಲಿ. ನಿಯೋಗವೊಂದು ವಿಧಾನಸೌಧಕ್ಕೆ ಬಂದಾಗ, ಇಲ್ಲವೇ ಸದಸ್ಯ ಕಂಪನಿಯೊಂದು ಸರ್ಕಾರಿ ಶಾಲೆಗೋ ಐಟಿಐಗೋ ಯಂತ್ರ, ಕಂಪ್ಯೂಟರು ಕೊಟ್ಟು ಫೋಟೋ ತೆಗೆಸಿಕೊಂಡಾಗ. ಇಂಥ ಮಂಡಳಿಗಳಿಂದ ನಮ್ಮ ಸಣ್ಣ ಕೈಗಾರಿಕೆಗಳಿಗೂ ಅಲ್ಲಿ ಕೆಲಸ ಕಲಿಯುವ ಹುಡುಗ ಹುಡುಗಿಯರಿಗೂ ಸಿಗಬಹುದಾದ ನಿಜವಾದ ಪ್ರಯೋಜನ ಬೇರೆಯೇ ಇದೆ. ಹತ್ತು ಹದಿನೈದು ಜನರ ವರ್ಕ್‌ಶಾಪ್‌ಗಳು ಒಟ್ಟುಗೂಡಿ ತರಬೇತಿ ಕೊಡುವ ಏರ್ಪಾಡು ಅದು. ಇಂಡೋ-ಜರ್ಮನ್ ವಾಣಿಜ್ಯ ಮಂಡಳಿಯನ್ನು ಎದುರಿಗಿಟ್ಟುಕೊಂಡು, ಅದು ಹೇಗೆ ಸಾಧ್ಯ, ಎಲ್ಲಿ ಕೆಡುತ್ತದೆ ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇವೆ.

ಈ ಮಂಡಳಿ ಶುರುವಾದದ್ದು 1956ರಲ್ಲಿ. ಕೇಂದ್ರ ಕಚೇರಿ ಮುಂಬೈಯಲ್ಲಿದೆ. ಬೆಂಗಳೂರಿನಲ್ಲೂ ಕಚೇರಿ ಇದೆ. ಇದು ರಾಯಭಾರ ಕಚೇರಿಯಲ್ಲ, ವೀಸಾ ಕೊಡುವುದಿಲ್ಲ. ದಾನಧರ್ಮದ ಟ್ರಸ್ಟೂ ಅಲ್ಲ. ಎರಡೂ ದೇಶಗಳ ಕಂಪನಿಗಳು ಚಂದಾ ಕಟ್ಟಿ ಸೇರುವ ಸಂಘ. ವ್ಯಾಪಾರಕ್ಕೆ ಪಾಲುದಾರರನ್ನು ಹುಡುಕಿಕೊಡುವುದು, ಜರ್ಮನಿಯ ಮೇಳಗಳಿಗೆ ಇಲ್ಲಿನವರನ್ನು ಕಳಿಸುವುದು, ಕಂಪನಿ ಸ್ಥಾಪನೆಗೆ ಸಲಹೆ ಕೊಡುವುದು ಇದರ ದಿನನಿತ್ಯದ ಕೆಲಸ. ಇವೆಲ್ಲ ಬೇರೆ ದೇಶಗಳ ಮಂಡಳಿಗಳಲ್ಲೂ ಇವೆ. ಜರ್ಮನ್ ಮಂಡಳಿಗಳಲ್ಲಿ ಮಾತ್ರ ಎದ್ದು ಕಾಣುವುದು ವೃತ್ತಿ ತರಬೇತಿಯ ಪರಂಪರೆ.

ಜರ್ಮನಿಯಲ್ಲಿ 79 ಕೈಗಾರಿಕಾ ಮತ್ತು ವಾಣಿಜ್ಯ ಮಂಡಳಿಗಳಿವೆ. ಅಲ್ಲಿ ಉದ್ದಿಮೆಗಳಿಗೆ ಸದಸ್ಯತ್ವ ಕಾನೂನಿನ ಪ್ರಕಾರ ಕಡ್ಡಾಯ. ಅಪ್ರೆಂಟಿಸ್‌ಗಳ ಒಪ್ಪಂದ ನೋಂದಾಯಿಸುವುದು, ಕಲಿಸುವ ಜಾಗ ಯೋಗ್ಯವೇ ಎಂದು ನೋಡುವುದು, ಕೊನೆಗೆ ಪರೀಕ್ಷೆ ನಡೆಸುವುದು ಎಲ್ಲವೂ ಮಂಡಳಿಗಳ ಕೈಯಲ್ಲಿದೆ. ಕಲಿಯುವವರು ವಾರದಲ್ಲಿ ಮೂರು ನಾಲ್ಕು ದಿನ ಕಾರ್ಖಾನೆಯಲ್ಲಿ, ಒಂದೆರಡು ದಿನ ವೃತ್ತಿ ಶಾಲೆಯಲ್ಲಿ ಇರುತ್ತಾರೆ. ಮೆಕ್ಯಾನಿಕ್ ಕೆಲಸಕ್ಕೆ ಮೂರೂವರೆ ವರ್ಷ. ಕಲಿಸುವವರೂ ತಾವು ಕಲಿಸಲು ಅರ್ಹರೆಂದು ಪರೀಕ್ಷೆ ಬರೆದು ತೋರಿಸಬೇಕು. ಪರೀಕ್ಷಾ ಸಮಿತಿಯಲ್ಲಿ ಮಾಲೀಕರ ಕಡೆಯವರು, ಕೆಲಸಗಾರರ ಕಡೆಯವರು, ಶಾಲೆಯ ಶಿಕ್ಷಕರು ಮೂವರೂ ಇರಲೇಬೇಕು. ತಾನು ತಯಾರು ಮಾಡಿದ ಹುಡುಗನನ್ನು ಮಾಲೀಕನೊಬ್ಬನೇ ಪಾಸು ಮಾಡುವಂತಿಲ್ಲ. ಸರ್ಟಿಫಿಕೇಟಿಗೆ ಅಲ್ಲಿರುವ ಬೆಲೆ ಬಂದಿರುವುದು ಇಲ್ಲಿಂದಲೇ.

ಭಾರತದಲ್ಲಿ ಈ ಮಂಡಳಿಯ ಸದಸ್ಯತ್ವ ಸ್ವಯಂಪ್ರೇರಿತ, ಪರೀಕ್ಷೆಯ ಕಾನೂನು ಅಧಿಕಾರವೂ ಇಲ್ಲ. ಹಾಗಾಗಿ ಇಲ್ಲಿ ಬರೀ ಜರ್ಮನ್ ಮುದ್ರೆಯ ಸರ್ಟಿಫಿಕೇಟು ಕೊಟ್ಟು ಕಳಿಸಿದರೆ ಸರ್ಕಾರಿ ನೇಮಕಾತಿಯಲ್ಲಿ, ಸಾರ್ವಜನಿಕ ಉದ್ದಿಮೆಗಳಲ್ಲಿ ಅದನ್ನು ಕೇಳುವವರಿಲ್ಲ. ನಮ್ಮ ಅಪ್ರೆಂಟಿಸ್ ಕಾಯ್ದೆಯಡಿ ಸಿಗುವ ರಾಷ್ಟ್ರೀಯ ಪ್ರಮಾಣಪತ್ರವೂ ಜೊತೆಗೆ ಸಿಗುವಂತೆ ಮೊದಲ ದಿನವೇ ಒಪ್ಪಂದವಾಗಬೇಕು. ಎರಡು ವರ್ಷ ಕಲಿತಾದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ಸರ್ಕಾರದ ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ಒಪ್ಪಂದ ನೋಂದಣಿಯಾಗದ ಅವಧಿ ಲೆಕ್ಕಕ್ಕೆ ಬರುವುದಿಲ್ಲ.

ವಿದೇಶದ ನೆರವಿನಲ್ಲಿ ಕೆಲಸ ಕಲಿಸುವುದು ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಬೆಂಗಳೂರಿನ ಫೋರ್‌ಮನ್ ತರಬೇತಿ ಸಂಸ್ಥೆ 1971ರಲ್ಲಿ ಜರ್ಮನಿಯ ನೆರವಿನಿಂದ, ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಶುರುವಾದವು. ಬೆಂಗಳೂರಿನಲ್ಲಿ ಹಿಂದೆ ಮೈಕೋ ಎಂದೇ ಜನ ಕರೆಯುತ್ತಿದ್ದ ಬಾಷ್ ಕಂಪನಿ 1960ರ ದಶಕದ ಆರಂಭದಿಂದ ತನ್ನದೇ ತರಬೇತಿ ಕೇಂದ್ರ ನಡೆಸಿಕೊಂಡು ಬಂದಿದೆ. ದೊಡ್ಡ ಕಂಪನಿಗೆ ಪ್ರತ್ಯೇಕ ಕಟ್ಟಡ, ಪೂರ್ಣಾವಧಿ ಶಿಕ್ಷಕರು, ಮೂರು ವರ್ಷದ ಪಾಠಕ್ರಮ ಎಲ್ಲವೂ ಸಾಧ್ಯ. ಪೀಣ್ಯದ ಜಾಬ್‌ವರ್ಕ್ ಶಾಪಿನಲ್ಲಿ, ಬೆಳಗಾವಿಯ ಉದ್ಯಮಬಾಗ್‌ನಲ್ಲಿ, ಶಿವಮೊಗ್ಗದ ಮಾಚೇನಹಳ್ಳಿಯಲ್ಲಿ ಅದು ಆಗದು. ಟರ್ನಿಂಗ್ ಮಾತ್ರ ಮಾಡುವ ಶಾಪಿನಲ್ಲಿ ಎರಡು ವರ್ಷ ಇದ್ದವನಿಗೆ ಗ್ರೈಂಡಿಂಗ್ ಹೇಗೆ ಬರಬೇಕು?

ಜರ್ಮನಿಯ ಸಣ್ಣ ಶಾಪುಗಳಿಗೂ ಇದೇ ತೊಂದರೆ ಇತ್ತು. ಹಲವು ಮಾಲೀಕರು ಸೇರಿ ಕಲಿಯುವವರನ್ನು ತಮ್ಮ ತಮ್ಮ ಶಾಪುಗಳಲ್ಲಿ ಸುತ್ತಿಸುವ ಕೂಡು ತರಬೇತಿ ಅಲ್ಲಿ ರೂಢಿಗೆ ಬಂತು. ನಮ್ಮಲ್ಲಿ ಎಷ್ಟೋ ಮಾಲೀಕರು ಇದಕ್ಕೆ ಕಾನೂನು ಅಡ್ಡಿ ಎಂದುಕೊಂಡಿದ್ದಾರೆ. ಅಡ್ಡಿಯೇ ಇಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯ 8ನೇ ಕಲಮು, ಹಲವು ಮಾಲೀಕರು ಒಟ್ಟಾಗಿ ತಮ್ಮ ಅಪ್ರೆಂಟಿಸ್‌ಗಳನ್ನು ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಕಳಿಸಿ ಪ್ರಾಯೋಗಿಕ ತರಬೇತಿ ಕೊಡಬಹುದು ಎಂದು ಸ್ಪಷ್ಟವಾಗಿ ಹೇಳುತ್ತದೆ. 2019ರ ನಿಯಮಗಳ ಪ್ರಕಾರ 30 ಮತ್ತು ಹೆಚ್ಚು ಸಿಬ್ಬಂದಿ ಇರುವವರಿಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ, 4ರಿಂದ 29 ಇರುವವರಿಗೆ ಐಚ್ಛಿಕ. ಗುತ್ತಿಗೆಯವರೂ ಸೇರಿ ಒಟ್ಟು ಸಿಬ್ಬಂದಿಯ ಶೇ 2.5ರಿಂದ ಶೇ 15ರವರೆಗೆ ತೆಗೆದುಕೊಳ್ಳಬಹುದು. ಕೇಂದ್ರದ ಯೋಜನೆಯಲ್ಲಿ ಶಿಷ್ಯವೇತನದ ಶೇ 25, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಸರ್ಕಾರವೇ ಕೊಡುತ್ತದೆ. ಪೋರ್ಟಲ್, ಒಪ್ಪಂದ, ಹಾಜರಿ ಇವುಗಳ ಓಡಾಟ ಸಣ್ಣ ಮಾಲೀಕನಿಗೆ ದೊಡ್ಡ ತಲೆನೋವು. ಅದನ್ನು ಅವರ ಪರವಾಗಿ ಮಾಡಿಕೊಡಲು ಮಧ್ಯವರ್ತಿ ಸಂಸ್ಥೆಗಳಿಗೂ ಅವಕಾಶವಿದೆ. ಮಂಡಳಿ, ಅಥವಾ ಮಂಡಳಿಯ ಜೊತೆ ಸೇರಿ ಕಾಸಿಯಾದಂಥ ಸಣ್ಣ ಕೈಗಾರಿಕೆಗಳ ಸಂಘ, ಈ ಜಾಗದಲ್ಲಿ ನಿಲ್ಲಬೇಕು.

ಏರ್ಪಾಡು ಹೇಗಿರಬಹುದು ಎನ್ನುವುದಕ್ಕೆ ಒಂದು ಲೆಕ್ಕ ಕೊಡುತ್ತೇವೆ. ಹತ್ತಿರ ಹತ್ತಿರದ ಎಂಟು ಶಾಪುಗಳು, ಪ್ರತಿಯೊಂದರಿಂದ ಇಬ್ಬರು, ಒಟ್ಟು 16 ಮಂದಿ. ಎಂಟರಲ್ಲಿ ಎರಡು ಟರ್ನಿಂಗ್‌, ಎರಡು ಮಿಲ್ಲಿಂಗ್, ಎರಡು ಗ್ರೈಂಡಿಂಗ್, ಉಳಿದೆರಡು ಜೋಡಣೆ ಮತ್ತು ತಪಾಸಣೆ ಮಾಡುವಂಥವು. ಮೊದಲ 12 ವಾರ ಎಲ್ಲರೂ ಐಟಿಐ ಅಥವಾ ಜಿಟಿಟಿಸಿಯ ಬೆಂಚಿನ ಮುಂದೆ. ಆಮೇಲೆ ನಾಲ್ವರ ನಾಲ್ಕು ತಂಡ ಮಾಡಿ, ಒಂದೊಂದು ಬಗೆಯ ಕೆಲಸದಲ್ಲಿ 12 ವಾರದಂತೆ 48 ವಾರ ಸುತ್ತು. ಶಾಪಿಗೆ ಒಂದು ಸಲಕ್ಕೆ ಇಬ್ಬರೇ ಬರುತ್ತಾರೆ. ಎರಡು ವರ್ಷದ 104 ವಾರಗಳಲ್ಲಿ ಉಳಿಯುವ 44 ವಾರ ತಮ್ಮ ತಮ್ಮ ಮೂಲ ಶಾಪಿನಲ್ಲಿ. ಬೆಂಚಿನ 12 ವಾರ ಬಿಟ್ಟು ಉಳಿದ ದಿನಗಳಲ್ಲಿ ವಾರಕ್ಕೊಂದು ದಿನ ಡ್ರಾಯಿಂಗ್ ಓದುವುದು, ಲೆಕ್ಕ, ಲೋಹದ ಗುಣ ಇವುಗಳ ಪಾಠ. ಎಲ್ಲರಿಗೂ ಒಂದೇ ದಿನ ರಜೆ ಕೊಟ್ಟರೆ ಶಾಪು ಖಾಲಿಯಾಗುತ್ತದೆಂದು ಮಾಲೀಕರು ಗೊಣಗುತ್ತಾರೆ. ಒಂದು ಶಾಪಿನಲ್ಲಿರುವ ಇಬ್ಬರಿಗೆ ಬೇರೆ ಬೇರೆ ದಿನ ಹಂಚಿದರೆ ಆ ತಕರಾರು ಏಳುವುದಿಲ್ಲ.

ಬೆಂಚಿನ ಕೆಲಸಕ್ಕೆ ತಲೆಗೊಂದು ವೈಸು, 10 ಮತ್ತು 12 ಇಂಚಿನ ಅರಗಳು, 150 ಮಿ.ಮೀ. ವರ್ನಿಯರ್, ಟ್ರೈಸ್ಕ್ವೇರ್ ಬೇಕು. ನಾಲ್ವರಿಗೆ ಒಂದು 0–25 ಮಿ.ಮೀ. ಮೈಕ್ರೋಮೀಟರ್ ಸಾಕು. ಎಲ್ಲರಿಗೂ ಸೇರಿ ಒಂದು ಸರ್ಫೇಸ್ ಪ್ಲೇಟು, ಒಂದು ಹೈಟ್ ಗೇಜು. ವೈಸಿನ ಬಾಯಿ ನಿಂತವರ ಮೊಣಕೈ ಮಟ್ಟಕ್ಕಿರಬೇಕು. ಬೆಂಚುಗಳನ್ನೆಲ್ಲ ಒಂದೇ ಎತ್ತರಕ್ಕೆ ಮಾಡಿಸಿ ಕುಳ್ಳಗಿರುವವರ ಕಾಲಡಿ ಮರದ ಹಲಗೆ ಇಡದಿದ್ದರೆ ಅರ ತೂಗಿ ತೂಗಿ ಓಡುತ್ತದೆ, ಮೇಲ್ಮೈ ಮಧ್ಯದಲ್ಲಿ ಉಬ್ಬುತ್ತದೆ, ಬೈಗುಳ ಹುಡುಗಿಗೆ ಬೀಳುತ್ತದೆ. ಅರ ಉಜ್ಜುವುದು ಹಳೇ ಕಾಲದ್ದು, ನೇರ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರ) ಕಲಿಸಿ ಎನ್ನುವವರಿದ್ದಾರೆ. ಲೋಹ ಕೈಗೆ ಹೇಗೆ ಸಿಗುತ್ತದೆ, 0.02 ಮಿ.ಮೀ. ಎಂದರೆ ಎಷ್ಟು ಎಂಬುದು ಗೊತ್ತಿಲ್ಲದವರು ಪರದೆಯ ಮೇಲಿನ ಅಂಕಿಯನ್ನು ನಂಬಿ ಜಾಬ್ ಕೆಡಿಸುತ್ತಾರೆ. 20 ಮಿ.ಮೀ. ರಂಧ್ರಕ್ಕೆ ಡ್ರಾಯಿಂಗಿನಲ್ಲಿ ಎಚ್7 ಎಂದು ಬರೆದಿದ್ದರೆ ಅದು 20.000ಕ್ಕಿಂತ ಕಡಿಮೆಯಾಗಕೂಡದು, 20.021 ದಾಟಕೂಡದು. ಅಷ್ಟು ಸಣ್ಣ ಅಂತರವನ್ನು ಬೆರಳು ಒಮ್ಮೆ ಕಲಿತರೆ ಮರೆಯುವುದಿಲ್ಲ.

ಈ ಸುತ್ತು ಮುರಿದುಬೀಳುವುದು ಮೂರು ಕಡೆ. ಮೊದಲನೆಯದು, ಕಲಿತವನನ್ನು ಪಕ್ಕದ ಶಾಪಿನವನು ಒಂದೆರಡು ಸಾವಿರ ಹೆಚ್ಚು ಕೊಟ್ಟು ಕರೆದುಕೊಂಡುಬಿಡುತ್ತಾನೆಂಬ ಭಯ. ಇದು ಸುಳ್ಳು ಭಯವಲ್ಲ. ತರಬೇತಿ ಮುಗಿಯುವವರೆಗೆ ಒಬ್ಬರ ಅಪ್ರೆಂಟಿಸ್‌ನನ್ನು ಇನ್ನೊಬ್ಬರು ಕೆಲಸಕ್ಕೆ ಕರೆಯುವಂತಿಲ್ಲ ಎಂದು ಎಂಟೂ ಜನ ಬರೆದುಕೊಳ್ಳಬೇಕು. ಮುಗಿದ ಮೇಲೆ ಎಲ್ಲಿ ದುಡಿಯಬೇಕೆಂಬುದು ಕಲಿತವರ ಇಷ್ಟ, ಅದನ್ನು ಕಟ್ಟಿಹಾಕಲು ಹೋಗಬಾರದು. ಎರಡನೆಯದು, ಆರ್ಡರ್ ಒತ್ತಡ. ತಿಂಗಳ ಕೊನೆಗೆ ಡೆಲಿವರಿ ಇದ್ದಾಗ ಅಪ್ರೆಂಟಿಸ್‌ನನ್ನು ಒಂದೇ ಯಂತ್ರಕ್ಕೆ ಪೀಸು ಹಾಕಿ ತೆಗೆಯಲು ನಿಲ್ಲಿಸುತ್ತಾರೆ. ಒಂದು ವಾರ ಅಂದುಕೊಂಡದ್ದು ಆರು ತಿಂಗಳಾಗುತ್ತದೆ. ಇದಕ್ಕೆ ಔಷಧ ದಿನಚರಿ ಪುಸ್ತಕ. ಪ್ರತಿ ವಾರ ಏನು ಮಾಡಿದೆ, ಯಾವ ಅಳತೆ ಬಂತು, ಎಲ್ಲಿ ತಪ್ಪಿತು ಎಂದು ಕಲಿಯುವವರೇ ಬರೆದು, ಕಲಿಸುವವರ ಸಹಿ ಹಾಕಿಸಬೇಕು. ತಿಂಗಳಿಗೊಮ್ಮೆ, ಎಂಟೂ ಶಾಪುಗಳ ಸುತ್ತನ್ನು ನೋಡಿಕೊಳ್ಳುವ ಸಂಯೋಜಕರು ಬಂದು ಅದನ್ನು ನೋಡಬೇಕು. ಎರಡು ತಿಂಗಳು ಒಂದೇ ಕೆಲಸ ಬರೆದಿದ್ದರೆ ಅಲ್ಲಿಂದ ಬಿಡಿಸಿ ಮುಂದಿನ ಶಾಪಿಗೆ ಕಳಿಸುವ ಅಧಿಕಾರ ಅವರಿಗಿರಬೇಕು. ಮೂರನೆಯದು, ಚೆನ್ನಾಗಿ ಕೆಲಸ ಬಲ್ಲವರೇ ಶಾಪಿನಲ್ಲಿ ಎಲ್ಲರಿಗಿಂತ ಹೆಚ್ಚು ಒತ್ತಡದಲ್ಲಿರುತ್ತಾರೆ. ಅವರಿಗೆ ಕಲಿಸುವ ವಿಧಾನ ಹೇಳಿಕೊಟ್ಟು, ಕಲಿಸುವ ಗಂಟೆಗಳಿಗೆ ಪ್ರತ್ಯೇಕ ಭತ್ಯೆ ಕೊಡದೆ, ‘ಇವನಿಗೂ ಸ್ವಲ್ಪ ತೋರಿಸು’ ಎಂದರೆ ಏನೂ ನಡೆಯುವುದಿಲ್ಲ. ತರಬೇತುದಾರರನ್ನು ತಯಾರು ಮಾಡುವುದರಲ್ಲಿ ಜರ್ಮನ್ ಮಂಡಳಿಗಳಿಗೆ ದೀರ್ಘ ಅನುಭವವಿದೆ. ನಮಗೆ ಅವರಿಂದ ಯಂತ್ರಕ್ಕಿಂತ ಮೊದಲು ಬೇಕಾದದ್ದು ಇದು.

ಅಪಘಾತದ ಹೊಣೆ ಯಾರದು ಎಂಬುದನ್ನೂ ಮೊದಲೇ ಬರೆದಿಡಬೇಕು. ಕಾಯ್ದೆ ಪ್ರಕಾರ ಗಾಯದ ಪರಿಹಾರ ಮಾಲೀಕನ ಹೊಣೆ. ಹುಡುಗ ಇನ್ನೊಬ್ಬರ ಶಾಪಿನಲ್ಲಿರುವಾಗ ಬೆರಳು ಹೋದರೆ ಇಬ್ಬರೂ ಒಬ್ಬರ ಮೇಲೊಬ್ಬರು ಹಾಕುವಂತಾಗಬಾರದು. ಹೆಣ್ಣುಮಕ್ಕಳನ್ನು ತಪಾಸಣೆಯ ಮೇಜಿಗಷ್ಟೇ ಸೀಮಿತಗೊಳಿಸುವುದಕ್ಕೆ ಎಷ್ಟೋ ಕಡೆ ಕಾರಣ ಶಾಪಿನಲ್ಲಿ ಪ್ರತ್ಯೇಕ ಶೌಚಾಲಯ ಇಲ್ಲದಿರುವುದು. ಎಂಟು ಶಾಪುಗಳನ್ನು ಆರಿಸುವಾಗಲೇ ಇದನ್ನು ಕೇಳಿಬಿಡಬೇಕು.

ಇನ್ನು ಹಣ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ, ನಿವ್ವಳ ಲಾಭ 5 ಕೋಟಿ ರೂಪಾಯಿ ಇವುಗಳಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಿಎಸ್‌ಆರ್‌ಗೆ, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಕೆಲಸಗಳಿಗೆ, ಖರ್ಚು ಮಾಡಬೇಕು. ಜರ್ಮನ್ ಮೂಲದ ಕಂಪನಿಗಳಿಗೂ ಇದು ಅನ್ವಯಿಸುತ್ತದೆ. ಇಂಥ ಕೆಲಸಗಳನ್ನು ಪಟ್ಟಿ ಮಾಡುವ ಆ ಕಾಯ್ದೆಯ ಏಳನೇ ಅನುಸೂಚಿಯಲ್ಲೇ ವೃತ್ತಿ ಕೌಶಲ ತರಬೇತಿ ಇದೆ. ಆದರೆ ಕಂಪನಿಗಳಿಗೆ ಯಂತ್ರ ಕೊಡಲು ಇಷ್ಟ, ಸಂಬಳ ಕೊಡಲು ಹಿಂಜರಿಕೆ. ಆಡಳಿತ ವೆಚ್ಚ ಶೇ 5 ಮೀರಬಾರದೆಂಬ ನಿಯಮವನ್ನು ತೋರಿಸುತ್ತಾರೆ. ಇದು ತಪ್ಪು ಓದು. 2021ರ ತಿದ್ದುಪಡಿಯ ವ್ಯಾಖ್ಯೆಯಲ್ಲಿ, ಕಂಪನಿಯ ಸಿಎಸ್‌ಆರ್ ವಿಭಾಗದ ಸಾಮಾನ್ಯ ಆಡಳಿತದ ಖರ್ಚು ಮಾತ್ರ ಆ ಶೇ 5ರೊಳಗೆ ಬರುತ್ತದೆ. ಒಂದು ನಿರ್ದಿಷ್ಟ ಯೋಜನೆಯ ರೂಪಣೆ, ಜಾರಿ, ಮೇಲ್ವಿಚಾರಣೆಗೆ ನೇರವಾಗಿ ತಗಲುವ ಖರ್ಚು ಅದರಲ್ಲಿ ಸೇರುವುದಿಲ್ಲ. ತರಬೇತುದಾರರ, ಸಂಯೋಜಕರ ಸಂಬಳವನ್ನು ಯೋಜನೆಯ ಖರ್ಚಾಗಿಯೇ ತೋರಿಸಬಹುದು. ಮಂಡಳಿ ತನ್ನ ಸದಸ್ಯ ಕಂಪನಿಗಳ ಲೆಕ್ಕಪತ್ರದವರನ್ನು ಕೂರಿಸಿಕೊಂಡು ಈ ಒಂದು ವಿಷಯ ಮನದಟ್ಟು ಮಾಡಿಸಿದರೆ ಅರ್ಧ ದಾರಿ ಕ್ರಮಿಸಿದಂತೆ. ಹಾಗೆಯೇ, ಮಂಡಳಿಯ ಸದಸ್ಯತ್ವ ಶುಲ್ಕವಾಗಲಿ, ಪ್ರಚಾರಕ್ಕಾಗಿ ಸಮಾರಂಭಕ್ಕೆ ಕೊಟ್ಟ ಪ್ರಾಯೋಜಕತ್ವವಾಗಲಿ, ಕಂಪನಿಯ ಸ್ವಂತ ನೌಕರರಿಗಷ್ಟೇ ಕೊಟ್ಟ ತರಬೇತಿಯಾಗಲಿ ಸಿಎಸ್‌ಆರ್ ಎನಿಸುವುದಿಲ್ಲ.

ಹಣ ಪಡೆಯುವ ಟ್ರಸ್ಟ್ ಅಥವಾ ಸಂಘಕ್ಕೆ ದತ್ತಿ ಸಂಸ್ಥೆಯಾಗಿ ಆದಾಯ ತೆರಿಗೆ ಇಲಾಖೆಯ ನೋಂದಣಿ, ಮೂರು ವರ್ಷದ ಕೆಲಸದ ದಾಖಲೆ, ಸಿಎಸ್‌ಆರ್-1 ನೋಂದಣಿ ಸಂಖ್ಯೆ ಇರಬೇಕು. ಕಾಲದ ವಿಷಯ ಇನ್ನೂ ಮುಖ್ಯ. ಫೆಬ್ರುವರಿ ಕೊನೆಯಲ್ಲಿ ಅರ್ಜಿ ಹಿಡಿದು ಹೋದವರಿಗೆ ಮಾರ್ಚ್ 31ರೊಳಗೆ ಖರ್ಚಾಗಬಲ್ಲ ಏನೋ ಒಂದು ಸಿಗುತ್ತದೆ, ಅದು ಯಾವಾಗಲೂ ಯಂತ್ರವೋ ಬೆಂಚೋ ಆಗಿರುತ್ತದೆ. ವಾರ್ಷಿಕ ಕಾರ್ಯಯೋಜನೆ ನಿರ್ದೇಶಕ ಮಂಡಳಿಯ ಮುಂದೆ ಬರುವ ಏಪ್ರಿಲ್–ಜೂನ್‌ನಲ್ಲೇ ಹೋಗಿ, ಬಹುವರ್ಷದ ‘ಚಾಲ್ತಿ ಯೋಜನೆ’ ಎಂದು ದಾಖಲಿಸಿಕೊಳ್ಳಿ ಎಂದು ಕೇಳಬೇಕು. ಹಾಗಾದರೆ ವರ್ಷದ ಕೊನೆಗೆ ಉಳಿದ ಹಣ 30 ದಿನಗಳೊಳಗೆ ಪ್ರತ್ಯೇಕ ಖಾತೆಗೆ ಹೋಗಿ ಮುಂದಿನ ವರ್ಷಗಳಲ್ಲಿ ಅದೇ ತರಬೇತಿಗೆ ಸಿಗುತ್ತದೆ. ಚಾಲ್ತಿ ಯೋಜನೆ ಅಲ್ಲದಿದ್ದರೆ ಆರು ತಿಂಗಳೊಳಗೆ ಅದು ಸರ್ಕಾರದ ನಿಧಿಗಳಿಗೆ ಹೋಗಬೇಕು, ಊರಿಗೆ ಬರುವುದಿಲ್ಲ.

ಜರ್ಮನಿಯಿಂದಲೇ ನೇರವಾಗಿ ಹಣ ಕಳಿಸುತ್ತೇವೆಂದು ಯಾರಾದರೂ ಹೇಳಿದರೆ ಹಿಗ್ಗುವ ಮೊದಲು ವಿದೇಶಿ ದೇಣಿಗೆ ಕಾಯ್ದೆಯನ್ನು ನೋಡಬೇಕು. ಪಡೆಯುವ ಸಂಸ್ಥೆಗೆ ಆ ಕಾಯ್ದೆಯ ನೋಂದಣಿ ಇಲ್ಲವೇ ಪೂರ್ವಾನುಮತಿ ಬೇಕು. ಹಣ ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ಒಮ್ಮೆ ಪಡೆದದ್ದನ್ನು ಇನ್ನೊಂದು ಸಂಸ್ಥೆಗೆ ಹಂಚುವುದು 2020ರಿಂದ ನಿಷಿದ್ಧ. ಸಣ್ಣ ಟ್ರಸ್ಟುಗಳು ಇಲ್ಲಿ ಸಿಕ್ಕಿಬೀಳುತ್ತವೆ. ಭಾರತದಲ್ಲಿರುವ ಅಂಗಸಂಸ್ಥೆಯ ಸಿಎಸ್‌ಆರ್ ಮೂಲಕ ಬರಲಿ ಎನ್ನುವುದೇ ಸುಲಭ ದಾರಿ.

ಯಂತ್ರ ಬೇಡವೇ ಬೇಡ ಎಂದಲ್ಲ. ಅಲ್ಲಿನ ಕಾರ್ಖಾನೆಯಿಂದ ಬಳಸಿದ ಮಿಲ್ಲಿಂಗ್ ಯಂತ್ರ ದಾನವಾಗಿ ಬರುವುದಾದರೆ ಚಾರ್ಟರ್ಡ್ ಎಂಜಿನಿಯರ್ ಪ್ರಮಾಣಪತ್ರ, ಕಸ್ಟಮ್ಸ್ ಸುಂಕದ ಹಣ, ಪೆಟ್ಟಿಗೆಯ ಮರದಲ್ಲಿ ಕೀಟಗಳಿಲ್ಲವೆಂದು ಹಾಕುವ ಐಎಸ್‌ಪಿಎಂ-15 ಮುದ್ರೆ ಇವನ್ನೆಲ್ಲ ಹಡಗು ಹತ್ತಿಸುವ ಮೊದಲೇ ನೋಡಿಕೊಳ್ಳಬೇಕು. ಸಾಮಾನ್ಯವಾಗಿ, ಮರದ ಒಳತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಬಿಸಿಯಾಗಿದೆ ಎನ್ನುವುದಕ್ಕೆ ಆ ಮುದ್ರೆ ಸಾಕ್ಷಿ; ಅದಿಲ್ಲದಿದ್ದರೆ ಬಂದರಿನಲ್ಲೇ ಸರಕು ನಿಂತು ಬಾಡಿಗೆ ಬೆಳೆಯುತ್ತದೆ. ಐಟಿಐಗೆ ಮಂಜೂರಾಗಿರುವ ವಿದ್ಯುತ್ ಲೋಡ್ ಯಂತ್ರಕ್ಕೆ ಸಾಲುತ್ತದೆಯೇ, ಕಂಟ್ರೋಲರ್‌ನ ಪರದೆ ಜರ್ಮನ್ ಬಿಟ್ಟು ಇಂಗ್ಲಿಷಿಗೆ ಬದಲಾಗುತ್ತದೆಯೇ, ಟೂಲ್ ಹೋಲ್ಡರ್, ಇನ್ಸರ್ಟು, ಕೂಲೆಂಟಿಗೆ ವರ್ಷಕ್ಕೆ ಎಷ್ಟು, ವಾರ್ಷಿಕ ನಿರ್ವಹಣೆ ಯಾರದು? ಈ ನಾಲ್ಕಕ್ಕೆ ಉತ್ತರ ಬರವಣಿಗೆಯಲ್ಲಿ ಸಿಗದಿದ್ದರೆ ಯಂತ್ರ ಟಾರ್ಪಾಲಿನ ಕೆಳಗೆ ಕೂರುತ್ತದೆ. ಸಿಎಸ್‌ಆರ್ ಹಣದಿಂದ ಕೊಂಡ ಆಸ್ತಿ ಕಂಪನಿಯ ಹೆಸರಿನಲ್ಲಿ ಉಳಿಯುವಂತಿಲ್ಲ, ಐಟಿಐ ಅಥವಾ ನೋಂದಾಯಿತ ಸಂಸ್ಥೆಯ ಹೆಸರಿಗೆ ದಾಖಲಾಗಬೇಕು ಎಂಬುದೂ ಪ್ರಾಂಶುಪಾಲರಿಗೆ ತಿಳಿದಿರಲಿ.

ಪಾಠ ಯಾವ ಭಾಷೆಯಲ್ಲಿ? ಕಲಬುರಗಿಯಿಂದಲೋ ಚಳ್ಳಕೆರೆಯಿಂದಲೋ ಕನ್ನಡದಲ್ಲಿ ಓದಿ ಬಂದವರ ಕೈಗೆ ಜರ್ಮನ್‌ನಿಂದ ಇಂಗ್ಲಿಷಿಗೆ ಬಂದ ದಪ್ಪ ಪುಸ್ತಕ ಕೊಟ್ಟರೆ ಅವರು ಅದನ್ನು ತೆರೆಯುವುದೇ ಇಲ್ಲ. ಕನ್ನಡದ ಮೊದಲ ಪತ್ರಿಕೆಯನ್ನು 1843ರಲ್ಲಿ ಮಂಗಳೂರಿನಲ್ಲಿ ಹೊರತಂದ ಹರ್ಮನ್ ಮೋಗ್ಲಿಂಗ್ ಜರ್ಮನಿಯವರೇ. ಜನರನ್ನು ತಲುಪಬೇಕಾದರೆ ಅವರ ಮಾತು ಕಲಿಯಬೇಕೆಂಬುದು ಅವರಿಗೆ ಆಗಲೇ ಗೊತ್ತಿತ್ತು. ದಿನಚರಿ ಪುಸ್ತಕ, ಸುರಕ್ಷತಾ ಹಾಳೆ, ಕೆಲಸದ ಹಂತಗಳು ಇವಿಷ್ಟಾದರೂ ಕನ್ನಡದಲ್ಲಿರಲಿ. ಫೀಡ್, ಚಕ್, ಬರ್, ಟಾಲರೆನ್ಸ್ ಎಂಬ ಶಾಪಿನ ಪದಗಳನ್ನು ಹಾಗೆಯೇ ಬಿಡಬೇಕು. ಯಾರೂ ಆಡದ ಸಂಸ್ಕೃತ ಪದಗಳನ್ನು ತುರುಕಿದರೆ ಮತ್ತೊಂದು ಇಂಗ್ಲಿಷ್ ಪುಸ್ತಕವಾದಂತೆಯೇ.

ಜರ್ಮನಿಗೆ ಹೋಗುವ ಆಸೆ ಇರುವವರ ಬಗ್ಗೆಯೂ ಮಂಡಳಿಗೆ ಒಂದು ಹೊಣೆ ಇದೆ. 2024ರ ಅಕ್ಟೋಬರಿನಲ್ಲಿ ಜರ್ಮನ್ ಸರ್ಕಾರ ಭಾರತದ ಕುಶಲ ಕೆಲಸಗಾರರಿಗೆ ವರ್ಷದ ವೀಸಾಗಳನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಹೇಳಿದ ಮೇಲೆ ಏಜೆಂಟರ ಜಾಹೀರಾತುಗಳು ಹೆಚ್ಚಿವೆ. ಓದುಗರು ತಿಳಿಯಬೇಕಾದದ್ದು ಇಷ್ಟು. ಕೈಗಾರಿಕಾ ವೃತ್ತಿಗಳ ಅರ್ಹತೆಯನ್ನು ಅಳೆಯುವುದು ಅಲ್ಲಿನ ವಾಣಿಜ್ಯ ಮಂಡಳಿಗಳು ನ್ಯೂರೆಂಬರ್ಗ್‌ನಲ್ಲಿ ನಡೆಸುವ ಐಎಚ್‌ಕೆ ಫೋಸಾ ಕಚೇರಿ. ಶುಲ್ಕ 100ರಿಂದ 600 ಯೂರೊ. ಸರ್ಟಿಫಿಕೇಟಿನ ಜೊತೆಗೆ ಅವರು ನೋಡುವುದು ನೀವು ಯಾವ ಯಂತ್ರದಲ್ಲಿ ಏನು ಮಾಡಿದಿರಿ ಎಂಬ ಅನುಭವ ಪತ್ರ. ‘ತೃಪ್ತಿಕರವಾಗಿ ಕೆಲಸ ಮಾಡಿದ್ದಾರೆ’ ಎಂಬ ಒಂದು ಸಾಲಿನ ಪತ್ರದಿಂದ ಏನೂ ಆಗದು. ಮೇಲೆ ಹೇಳಿದ ದಿನಚರಿ ಪುಸ್ತಕ ಇಲ್ಲೂ ಕೆಲಸಕ್ಕೆ ಬರುತ್ತದೆ. ಹೊಸ ವೀಸಾ ದಾರಿಗಳಲ್ಲಿ ಹಲವಕ್ಕೆ ಕನಿಷ್ಠ ಎರಡು ವರ್ಷದ ಮಾನ್ಯ ತರಬೇತಿ ಬೇಕು. ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಐಟಿಐ ಕೋರ್ಸುಗಳು ಎರಡು ವರ್ಷದವು. ವೆಲ್ಡರ್ ಒಂದೇ ವರ್ಷ. ವೆಲ್ಡಿಂಗ್ ಮಾಡಿದ ಮಕ್ಕಳ ತಂದೆತಾಯಿ ಏಜೆಂಟನಿಗೆ ಮುಂಗಡ ಕಟ್ಟುವ ಮೊದಲು ಇದನ್ನು ಕೇಳಿ ತಿಳಿಯಲಿ. ಪ್ರತಿ ಜಿಲ್ಲಾ ಕೇಂದ್ರದ ಐಟಿಐಯಲ್ಲಿ ವರ್ಷಕ್ಕೊಮ್ಮೆ ಮಂಡಳಿಯವರು ಕನ್ನಡದಲ್ಲಿ ಇದನ್ನು ವಿವರಿಸಿದರೆ ಎಷ್ಟೋ ಮನೆಗಳ ಸಾಲ ತಪ್ಪುತ್ತದೆ.

ಸರ್ ಎಂ. ವಿಶ್ವೇಶ್ವರಯ್ಯನವರು 1916ರಲ್ಲಿ ಶುರುಮಾಡಿದ ಮೈಸೂರು ವಾಣಿಜ್ಯ ಮಂಡಳಿ ಇಂದು ಎಫ್‌ಕೆಸಿಸಿಐ (ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆ) ಆಗಿದೆ. ಜಿಲ್ಲೆ ಜಿಲ್ಲೆಗಳ ಸಂಘಗಳೊಂದಿಗೆ ಅದಕ್ಕೆ ಸಂಪರ್ಕವಿದೆ. ಎಫ್‌ಕೆಸಿಸಿಐ, ಕಾಸಿಯಾ, ಇಂಡೋ-ಜರ್ಮನ್ ಮಂಡಳಿಯ ಬೆಂಗಳೂರು ಕಚೇರಿ ಮತ್ತು ರಾಜ್ಯದ ಕೈಗಾರಿಕಾ ತರಬೇತಿ ಇಲಾಖೆ ನಾಲ್ವರೂ ಬರುವ ಏಪ್ರಿಲ್‌ಗೆ ಮುಂಚೆ ಒಂದೆಡೆ ಕೂರಲಿ. ಪೀಣ್ಯ, ಉದ್ಯಮಬಾಗ್, ಮಾಚೇನಹಳ್ಳಿ ಮೂರು ಕಡೆ ತಲಾ ಎಂಟು ಶಾಪುಗಳನ್ನು ಆರಿಸಲಿ, ಮೂವರು ಸಂಯೋಜಕರ ಎರಡು ವರ್ಷದ ಸಂಬಳವನ್ನು ಸದಸ್ಯ ಕಂಪನಿಗಳ ಸಿಎಸ್‌ಆರ್ ಯೋಜನೆಯಲ್ಲಿ ಬರೆಸಲಿ, ಆಗಸ್ಟ್‌ನಲ್ಲಿ 48 ಮಂದಿಯನ್ನು ಬೆಂಚಿನ ಮುಂದೆ ನಿಲ್ಲಿಸಲಿ. ಕೊನೆಯ ಪರೀಕ್ಷೆಗೆ ಮಾಲೀಕರು, ನುರಿತ ಕೆಲಸಗಾರರು, ಐಟಿಐ ಶಿಕ್ಷಕರು ಮೂವರೂ ಇರುವ ಸಮಿತಿಯನ್ನು ಈಗಲೇ ಹೆಸರಿಸಲಿ.

ಇತಿ,
ಸಣ್ಣ ಕೈಗಾರಿಕೆಗಳ ಅಪ್ರೆಂಟಿಸ್ ತರಬೇತಿಯಲ್ಲಿ ತೊಡಗಿರುವವರು,
ಪೀಣ್ಯ, ಬೆಂಗಳೂರು